ಪೆಟ್ಟು ಮೊದಲು, ಬಣ್ಣ ಆಮೇಲೆ: ಒಂದು ಬೋಬಾ ಫೆಟ್ ಹೆಲ್ಮೆಟ್‌ನ ಪ್ರಕರಣ

ಹೆಲ್ಮೆಟ್ ಹಾಸನದ ಕಡೆಯ ಒಬ್ಬ ಎಂಜಿನಿಯರಿಂಗ್ ಹುಡುಗನದು. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಓದುತ್ತಾನೆ. ಗೆಳೆಯರ ಜೊತೆ ದುಡ್ಡು ಹಾಕಿ ಒಂದು ಹಳೇ ತ್ರೀಡಿ ಪ್ರಿಂಟರ್ ಕೊಂಡಿದ್ದಾನೆ. ವೈಟ್‌ಫೀಲ್ಡ್‌ನಲ್ಲಿ ನಡೆಯುವ ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್-ಸಿನಿಮಾ ಅಭಿಮಾನಿಗಳ ಜಾತ್ರೆಗೆ, 'ಸ್ಟಾರ್ ವಾರ್ಸ್' ಸಿನಿಮಾಗಳಲ್ಲಿ ದುಡ್ಡಿಗೆ ಜನರನ್ನು ಬೇಟೆಯಾಡುವ ಬೋಬಾ ಫೆಟ್‌ನ ವೇಷದಲ್ಲಿ ಹೋಗಬೇಕು ಅನ್ನೋದು ಅವನ ಆಸೆ. ಪ್ರಿಂಟ್ ತೆಗೆದು, ಅಂಟಿಸಿ, ಉಜ್ಜಿ, ಬಣ್ಣವನ್ನೂ ಹೊಡೆದ ಮೇಲೆ ನನ್ನ ಹತ್ತಿರ ತಂದ. "ಅಣ್ಣಾ, ಎಲ್ಲಾ ಮುಗ್ದಿದೆ. ಆದ್ರೆ ಆಟದ ಸಾಮಾನು ಅನ್ಸುತ್ತೆ. ಎಲ್ಲಿ ಎಡವಟ್ಟಾಗಿದೆ ಅಂತ ಗೊತ್ತಾಗ್ತಿಲ್ಲ" ಅಂದ.

ನಾಟಕದವರಿಗೆ, ಕಿರುಚಿತ್ರದವರಿಗೆ, ಸಿನಿಮಾ ಪಾತ್ರಗಳ ವೇಷ ಹಾಕುವ ಕಾಸ್‌ಪ್ಲೇ ಹುಡುಗರಿಗೆ ನಾನು ಪ್ರಾಪ್‌ಗಳಿಗೆ, ಅಂದರೆ ವೇಷದ, ರಂಗದ ಸಾಮಾನುಗಳಿಗೆ, ಬಣ್ಣ ಮಾಡಿಕೊಡುತ್ತೇನೆ. ಜಾಸ್ತಿ ಕೆಲಸ ಬರುವುದು ಹೊಸದನ್ನು ಹಳೇದು ಮಾಡುವುದಕ್ಕೆ. ಇದಕ್ಕೆ ಜನ ದುಡ್ಡು ಕೊಡುತ್ತಾರೆ ಅನ್ನೋದು ನಮ್ಮಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಹುಡುಗನ ಕೈಕೆಲಸ ಕೆಟ್ಟದಾಗಿರಲಿಲ್ಲ. ಆಕಾರ ಸರಿಯಾಗಿತ್ತು. ಟಿ ಆಕಾರದ ಕಪ್ಪು ಕಿಂಡಿ, ಬಲಗಿವಿಯ ಮೇಲೆ ಕಡ್ಡಿಯಂತೆ ನಿಲ್ಲುವ, ದೂರ ಅಳೆಯುವ ರೇಂಜ್‌ಫೈಂಡರ್, ಹಣೆಯ ಮೇಲಿನ ತಗ್ಗು, ಎಲ್ಲವೂ ಇದ್ದವು. ಮೇಲೆ ಹಸಿರು, ಕಿಂಡಿಯ ಸುತ್ತ ಕಡುಗೆಂಪು. ಆಮೇಲೆ ಸ್ಪಂಜನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ ಹೆಲ್ಮೆಟ್ ತುಂಬಾ ಒತ್ತಿದ್ದ. ಮುಂದೆ, ಹಿಂದೆ, ನೆತ್ತಿ, ಕೆನ್ನೆ, ಎಲ್ಲಾ ಕಡೆ ಒಂದೇ ಅಳತೆಯ ಚುಕ್ಕೆ, ಒಂದೇ ದಟ್ಟಣೆ.

ಬೆರಳಾಡಿಸಿದರೆ ಚುಕ್ಕೆಗಳು ಉಬ್ಬಿಕೊಂಡು ಸಿಗುತ್ತಿದ್ದವು. ಅಲ್ಲೇ ರೋಗ ಗೊತ್ತಾಯಿತು. ಬಣ್ಣ ಎದ್ದುಹೋದ ಜಾಗ ತಗ್ಗಾಗಿರಬೇಕು, ಅಲ್ವಾ? ಇಲ್ಲಿ ಏಟು ಬಿದ್ದ ಜಾಗವೇ ಬಣ್ಣಕ್ಕಿಂತ ಮೇಲಿದೆ. ನೋಡುವವರು ಇದನ್ನು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಆದರೆ ಕಣ್ಣಿಗೆ ಸುಳ್ಳು ತಿಳಿದುಬಿಡುತ್ತದೆ.

ಬೋಬಾ ಫೆಟ್ ವಿಷಯದಲ್ಲಿ ಈ ಸುಳ್ಳು ಇನ್ನೂ ಜಾಸ್ತಿ ಚುಚ್ಚುತ್ತದೆ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಅವನು ಆಡುವುದು ಬರೀ ನಾಲ್ಕು ಮಾತು. ಮುಖ ತೋರಿಸುವುದೇ ಇಲ್ಲ. ಒಳಗಿದ್ದ ನಟ ಜೆರೆಮಿ ಬುಲಕ್ ತಲೆ ವಾಲಿಸಿ, ಮೆಲ್ಲಗೆ ನಡೆದು ಕೆಲಸ ಮುಗಿಸಿದರು. ಉಳಿದ ಕತೆಯನ್ನೆಲ್ಲ ಹೇಳುವುದು ಆ ಜಖಂ ಆದ ಹೆಲ್ಮೆಟ್ಟೇ. ಈತ ಎಷ್ಟು ಜಗಳ ಕಂಡಿದ್ದಾನೆ, ಎಷ್ಟರಿಂದ ಬದುಕಿ ಬಂದಿದ್ದಾನೆ ಅಂತ ನಮಗೆ ಬಣ್ಣದಿಂದಲೇ ಗೊತ್ತಾಗಬೇಕು.

ತಮಾಷೆ ಅಂದರೆ ಈ ಹೆಲ್ಮೆಟ್ ಹುಟ್ಟಿದಾಗ ಅಪ್ಪಟ ಬಿಳಿ. ಸಿನಿಮಾದ ವಿನ್ಯಾಸ ಕಲಾವಿದರಾದ ರಾಲ್ಫ್ ಮೆಕ್ವಾರಿ ಮತ್ತು ಜೋ ಜಾನ್‌ಸ್ಟನ್ ಮೊದಲು ಯೋಚಿಸಿದ್ದು ಬಿಳಿ ಕವಚದ ವಿಶೇಷ ಸೈನಿಕರ ಒಂದು ಪಡೆಯನ್ನು. 1978ರ ಜೂನ್‌ನಲ್ಲಿ ಬಿಳಿ ವೇಷವನ್ನೇ ಹಾಕಿ ಕ್ಯಾಮೆರಾ ಮುಂದೆ ಪರೀಕ್ಷೆ ಮಾಡಿದರು. ಪಡೆ ಹೋಗಿ ಒಬ್ಬನೇ ಬಾಡಿಗೆ ಬೇಟೆಗಾರ ಉಳಿದಾಗ ಜಾನ್‌ಸ್ಟನ್ ಹಸಿರು, ಕೆಂಪು, ಗೀರು, ಕೊಳೆ ಎಲ್ಲ ತಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಆನ್ಸೆಲ್ಮೋ ಊರಿನ ಮೆರವಣಿಗೆಯಲ್ಲಿ ಜನ ಬೋಬಾ ಫೆಟ್‌ನನ್ನು ಮೊದಲ ಸಲ ನೋಡಿದರು. ಸಿನಿಮಾ ಬಂದದ್ದು ಆಮೇಲೆ. ಅಂದರೆ ಈ ಕೊಳೆ ಯಾರೋ ಕೊನೆಗೆ ಎರಚಿದ್ದಲ್ಲ, ಕೂತು ಯೋಚಿಸಿ ಮಾಡಿದ್ದು.

ಹುಡುಗನಿಗೆ ಇದನ್ನೆಲ್ಲ ಹೇಳಿ ಒಂದೇ ಪ್ರಶ್ನೆ ಕೇಳಿದೆ. ಕೆನ್ನೆಯ ಮೇಲಿನ ಒಂದು ಚುಕ್ಕೆ ತೋರಿಸಿ, "ಇಲ್ಲಿ ಏನು ತಾಗ್ತು?" ಅಂದೆ. ಅವನು ನಕ್ಕ. ಉತ್ತರ ಇರಲಿಲ್ಲ.

ಉಜ್ಜುವ ಕೆಲಸ

ಹಳೇ ಬಣ್ಣ ತೆಗೆಯಬೇಕಿತ್ತು. ಥಿನ್ನರ್ ಹಾಕಿ ಒರೆಸಿಬಿಡೋಣ ಅಂದ ಹುಡುಗ. ಬೇಡ ಅಂದೆ. ಪ್ರಿಂಟ್ ಆಗಿರುವುದು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ. ಡೆಂಟಿಂಗ್ ಪೇಂಟಿಂಗ್ ಶೆಡ್‌ಗಳಲ್ಲಿ ಬಳಸುವ ಥಿನ್ನರ್‌ನಲ್ಲಿ ಅಸಿಟೋನ್‌ನಂಥ ದ್ರಾವಕಗಳು ಇರುತ್ತವೆ. ಅವು ಬಣ್ಣದ ಜೊತೆ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತವೆ, ಆಮೇಲೆ ಗೆರೆಗಳು ಕಲಸಿಹೋಗುತ್ತವೆ. ಮಷೀನ್ ಹಚ್ಚಿ ಉಜ್ಜುವುದೂ ಆಗಲ್ಲ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ವೇಗವಾಗಿ ತಿರುಗುವ ಡಿಸ್ಕ್ ತಾಗಿದರೆ ಆ ಬಿಸಿಗೇ ಕರಗಿ ಪೇಪರ್‌ಗೆ ಮೆತ್ತಿಕೊಳ್ಳುತ್ತದೆ. ಕೈಯಲ್ಲೇ ಉಜ್ಜಬೇಕು, ಬೇರೆ ದಾರಿ ಇಲ್ಲ.

ನೀರು ಹಾಕಿ 220 ನಂಬರ್ ವಾಟರ್ ಪೇಪರ್‌ನಿಂದ ಶುರು ಮಾಡಿದೆವು. ಬೆಳ್ಳಿ ಚುಕ್ಕೆ ಹೋಯಿತು, ಹಸಿರು ಹೋಯಿತು, ನೆತ್ತಿಯ ಮೇಲೆ ಪ್ರಿಂಟಿನ ಗೆರೆಗಳು ಎದ್ದು ಕಂಡವು. 0.2 ಮಿಲಿಮೀಟರ್ ಪದರದಲ್ಲಿ ಪ್ರಿಂಟ್ ಮಾಡಿದರೆ ಗುಮ್ಮಟದಂಥ ಭಾಗದಲ್ಲಿ ಇವು ಬಂದೇ ಬರುತ್ತವೆ. ನೆತ್ತಿಯ ಇಳಿಜಾರು ಎಷ್ಟು ಚಪ್ಪಟೆಯೋ ಮೆಟ್ಟಿಲು ಅಷ್ಟು ಅಗಲ. ಬಣ್ಣ ಇವನ್ನು ಮುಚ್ಚುವುದಿಲ್ಲ, ಹೊಳಪು ಬಣ್ಣ ಇನ್ನೂ ಎತ್ತಿ ತೋರಿಸುತ್ತದೆ. ಇವನ ಫಿಲಮೆಂಟ್, ಅಂದರೆ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಎಳೆ, ಗಾಢ ನೀಲಿ. ಆಫರ್‌ನಲ್ಲಿ ಸಿಕ್ಕಿತ್ತಂತೆ. ಉಜ್ಜುವಾಗ ಅದರಿಂದ ಒಂದು ಉಪಕಾರವಾಯಿತು. ನೀಲಿ ಕಂಡರೆ ಉಬ್ಬು, ಪುಟ್ಟಿ ಉಳಿದಿದ್ದರೆ ತಗ್ಗು ಅಂತ ಕಣ್ಣಲ್ಲೇ ಗೊತ್ತಾಗುತ್ತಿತ್ತು.

ಪುಟ್ಟಿಯಲ್ಲಿ ಎರಡು ಬಗೆ. ಗಟ್ಟಿಕಾರಕ ಬೆರೆಸಿ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ದಪ್ಪ ಹಚ್ಚಿದರೂ ಅಷ್ಟಾಗಿ ಕುಗ್ಗುವುದಿಲ್ಲ. ಜೋಡಣೆಯ ಸಂದುಗಳಿಗೆ ಅದು. ಟ್ಯೂಬಿನಲ್ಲಿ, ಡಬ್ಬಿಯಲ್ಲಿ ಬರುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಒಳಗಿನ ದ್ರಾವಕ ಆರಿದಂತೆ ಒಣಗುತ್ತದೆ, ಆರಿದಷ್ಟೂ ಕುಗ್ಗುತ್ತದೆ. ಅದನ್ನು ತೆಳ್ಳಗೆ ಬಳಿದು ಗೆರೆ ತುಂಬಲು ಇಟ್ಟುಕೊಂಡೆವು. ಜೆ.ಸಿ. ರಸ್ತೆಯ ಕಾರು ಬಣ್ಣದ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ವಿದೇಶದ ಮಾಡೆಲ್ ಪುಟ್ಟಿಗೆ ಸುಮ್ನೆ ದುಡ್ಡು ಸುರಿಯಬೇಕಾಗಿಲ್ಲ. ಆಮೇಲೆ ತಳಬಣ್ಣವಾಗಿ ಬೂದು ಪ್ರೈಮರ್, 320 ನಂಬರ್ ಪೇಪರ್, ಮತ್ತೆ ಪ್ರೈಮರ್, ಇನ್ನೂ ನುಣ್ಣಗಿನ 600. ಬೇಜಾರಿನ ಕೆಲಸ, ಅದರ ಬಗ್ಗೆ ಇಷ್ಟು ಸಾಕು.

ಒಂದು ಮಾತು ಮಾತ್ರ. ಪುಟ್ಟಿ ಧೂಳಿಗೆ ಸಾಮಾನ್ಯ ಧೂಳಿನ ಮಾಸ್ಕ್ ನಡೆಯುತ್ತದೆ. ಸ್ಪ್ರೇ ಹೊಡೆಯುವಾಗ ಅದು ಸಾಲದು. ದ್ರಾವಕದ ಆವಿ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಇಂಗಾಲದ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಹುಡುಗ ಮೊದಲ ಸಲದ ಬಣ್ಣವನ್ನು ಪಿಜಿಯ ಬಾತ್‌ರೂಮಿನಲ್ಲಿ ಕರ್ಚೀಫ್ ಕಟ್ಟಿಕೊಂಡು ಹೊಡೆದಿದ್ದನಂತೆ. ಚೆನ್ನಾಗಿ ಬೈದೆ.

ಸಿಲಿಂಡರ್ ನೋಡು ಅಂದೆ

ಬಣ್ಣ ಹೇಗೆ ಹಾಳಾಗುತ್ತದೆ ಅಂತ ಕಲಿಯಲು ನಾನು ಎಲ್ಲರಿಗೂ ತೋರಿಸುವುದು ಅಡುಗೆಮನೆಯ ಗ್ಯಾಸ್ ಸಿಲಿಂಡರ್. ಕಬ್ಬಿಣದ ಮೈ, ಕೆಂಪು ಬಣ್ಣ, ವರ್ಷಗಟ್ಟಲೆ ಊರೂರು ಸುತ್ತುವ ಬಾಳು. ಹುಡುಗನನ್ನು ನಮ್ಮ ಮನೆಯ ಸಿಲಿಂಡರ್ ಮುಂದೆ ಕುಕ್ಕರುಗಾಲಲ್ಲಿ ಕೂರಿಸಿ ಟಾರ್ಚ್ ಕೊಟ್ಟೆ.

ಕೆಳಗಿನ ಬಳೆ ನೆಲಕ್ಕೆ ಕುಕ್ಕುವ ಜಾಗ, ಎಳೆಯುವ ಜಾಗ. ಅಲ್ಲಿ ಬಣ್ಣವೇ ಇಲ್ಲ, ಬರೀ ಲೋಹ, ಅದರ ಮೇಲೆ ತುಕ್ಕು. ಹೊಟ್ಟೆಯ ಭಾಗದಲ್ಲಿ ಒಂದು ಪಟ್ಟಿಯಂತೆ ಅಡ್ಡಡ್ಡ ಗೀರುಗಳು. ಲಾರಿಯಲ್ಲಿ ಒಂದಕ್ಕೊಂದು ತಿಕ್ಕಾಡಿದ್ದು ಅದು. ಆ ಪಟ್ಟಿಯ ಮೇಲೂ ಕೆಳಗೂ ಬಣ್ಣ ಹೆಚ್ಚುಕಡಿಮೆ ಹೊಸದರಂತೆ ಇತ್ತು. ಮೇಲಿನ ಹಿಡಿಕೆಯ ಬಳೆಯಲ್ಲಿ ಒಡೆದ ಚೂರುಗಳಿಲ್ಲ, ಕೈ ಸವೆದು ಸವೆದು ಬಣ್ಣ ತೆಳ್ಳಗಾಗಿ ಅಂಚಿನಲ್ಲಿ ನುಣ್ಣಗೆ ಲೋಹ ಇಣುಕುತ್ತದೆ. ಹಿಡಿಕೆ ಮೈಗೆ ಸೇರುವ ಸಂದಿನಲ್ಲಿ ಯಾರ ಕೈಯೂ ಹೋಗಲ್ಲ, ಅಲ್ಲಿ ಎಣ್ಣೆ ಜಿಡ್ಡು ಸೇರಿದ ಕಪ್ಪು.

ಹೊಡೆತ, ಸವೆತ, ಕೊಳೆ. ಮೂರೂ ಬೇರೆ ಬೇರೆ ಜಾಗ, ಬೇರೆ ಬೇರೆ ಗುರುತು. ಇನ್ನೊಂದು ವಿಷಯ ಹುಡುಗನೇ ಕಂಡುಹಿಡಿದ. ದೊಡ್ಡದಾಗಿ ಬಣ್ಣ ಎದ್ದ ಒಂದು ಜಾಗದಲ್ಲಿ ಕೆಂಪಿನಿಂದ ನೇರ ಲೋಹಕ್ಕೆ ಹೋಗಿರಲಿಲ್ಲ. ನಡುವೆ ಹಳೇ ಬಣ್ಣದ ಸಣ್ಣ ಅಂಚು ಕಾಣುತ್ತಿತ್ತು. "ಅಣ್ಣಾ, ಮೆಟ್ಟಿಲು ಮೆಟ್ಟಿಲಾಗಿ ಎದ್ದಿದೆ" ಅಂದ. ಅಷ್ಟು ಕಂಡವನಿಗೆ ಮಿಕ್ಕಿದ್ದು ಹೇಳಿಕೊಡಲು ಜಾಸ್ತಿ ಹೊತ್ತು ಬೇಡ.

ಆಮೇಲೆ ಹೆಲ್ಮೆಟ್‌ನ ಫೋಟೋಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಕೆಂಪು ಪೆನ್ನು ಹಿಡಿದು ಕೂತೆವು. ಇದು ಇರುವ ಹೆಲ್ಮೆಟ್‌ನ ನಕಲು, ಹಾಗಾಗಿ ದೊಡ್ಡ ಗುರುತುಗಳ ಜಾಗ ಆಗಲೇ ನಿಶ್ಚಯವಾಗಿದೆ. ಅಭಿಮಾನಿಗಳು ಅಸಲಿ ಹೆಲ್ಮೆಟ್‌ನ ಒಂದೊಂದು ಚೂರನ್ನೂ ನಕ್ಷೆ ಮಾಡಿಟ್ಟಿದ್ದಾರೆ. 1997ರಲ್ಲಿ ಶುರುವಾದ 501ನೇ ಲೀಜನ್‌ನಂಥ ವೇಷಧಾರಿಗಳ ಸಂಘಗಳು ಲಿಖಿತ ಮಾನದಂಡ ಇಟ್ಟುಕೊಂಡೇ ಸದಸ್ಯತ್ವ ಕೊಡುತ್ತವೆ. 1980ರ ಹೆಲ್ಮೆಟ್‌ಗೂ 1983ರಲ್ಲಿ ಬಂದ ಮುಂದಿನ 'ಸ್ಟಾರ್ ವಾರ್ಸ್' ಸಿನಿಮಾದ ಹೆಲ್ಮೆಟ್‌ಗೂ ಬಣ್ಣ ಬೇರೆ, ಗುರುತು ಬೇರೆ. ಎರಡನ್ನೂ ಕಲಸಿದರೆ ಗೊತ್ತಿರುವವರು ದೂರದಿಂದಲೇ ಹಿಡಿಯುತ್ತಾರೆ.

ಕಾರ್ಯಕ್ರಮಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಚೂರು ಚೂರೂ ನಕಲು ಮಾಡುತ್ತಾ ಕೂರುವ ಹಾಗಿರಲಿಲ್ಲ. ದೊಡ್ಡ ಗುರುತುಗಳು ಅಸಲಿಯಂತೆಯೇ ಇರಲಿ, ಸಣ್ಣವು ನಮ್ಮ ಲೆಕ್ಕದಲ್ಲಿ ಬರಲಿ ಅಂತ ತೀರ್ಮಾನ ಮಾಡಿದೆವು. ಹಣೆಯ ತಗ್ಗು, ಅದರ ಹತ್ತಿರದ ಸಣ್ಣ ಸಾಲುಗೆರೆಗಳು, ನೆತ್ತಿಯ ದೊಡ್ಡ ಗೀರುಗಳು ಮೊದಲ ಗುಂಪು. ಎರಡನೇ ಗುಂಪಿಗೆ ಒಂದೇ ಷರತ್ತು ಹಾಕಿದೆ: ಪೆನ್ನಿನಲ್ಲಿ ಗುರುತು ಮಾಡುವ ಮುಂಚೆ ಏನು ತಾಗಿತು ಅಂತ ಹೇಳಬೇಕು. ಕೆನ್ನೆಯ ಕೆಳಅಂಚು ಹೆಲ್ಮೆಟ್ ತೆಗೆದು ನೆಲದ ಮೇಲಿಡುವಾಗ ಸವೆಯುತ್ತದೆ. ರೇಂಜ್‌ಫೈಂಡರ್ ಬುಡಕ್ಕೆ ಬಾಗಿಲು ತಾಗುತ್ತದೆ. ಹಿಂದಲೆ ಗೋಡೆಗೆ ಒರಗುತ್ತದೆ. ಕಿಂಡಿಯ ಒಳಮೂಲೆಗೆ ಏನು ತಾಗಲು ಸಾಧ್ಯ? ಏನೂ ಇಲ್ಲ. ಹಾಗಾದರೆ ಅಲ್ಲಿ ಬರೀ ಕೊಳೆ. ಹುಡುಗ ಮೊದಲು ಹಾಕಿದ್ದ ಚುಕ್ಕೆಗಳಲ್ಲಿ ಬಹುಪಾಲು ಈ ಜರಡಿಯಲ್ಲಿ ಬಿದ್ದುಹೋದವು.

ಸುಳ್ಯದ ಹಾಲು

ಈಗ ಅಸಲು ಕೆಲಸ. ಏಟನ್ನು ಬಣ್ಣದ ಮೇಲೆ ಬರೆಯಬಾರದು, ಬಣ್ಣದ ಕೆಳಗೆ ಇಡಬೇಕು. ಮೊದಲು ಇಡೀ ಹೆಲ್ಮೆಟ್‌ಗೆ ಬೆಳ್ಳಿ ಬಣ್ಣ. ಲೋಹ ಕಾಣಬೇಕಾದ ಕಡೆ ಮಾತ್ರ ಏನಾದರೂ ಮುಚ್ಚಿಗೆ ಹಚ್ಚಬೇಕು. ಅದರ ಮೇಲೆ ಬೂದು ಪ್ರೈಮರ್. ಮುಚ್ಚಿಗೆಯ ಸುತ್ತ ಸ್ವಲ್ಪ ಅಗಲವಾಗಿ ಇನ್ನೊಂದು ಸಲ ಮುಚ್ಚಿಗೆ. ಅದರ ಮೇಲೆ ಹಸಿರು, ಕೆಂಪು. ಕೊನೆಗೆ ಎರಡು ಮುಚ್ಚಿಗೆಯನ್ನೂ ಒಟ್ಟಿಗೆ ಕಿತ್ತರೆ ನಡುವೆ ಬೆಳ್ಳಿ, ಸುತ್ತ ಬೂದು ಅಂಚು, ಆಚೆ ಹಸಿರು. ಸಿಲಿಂಡರ್ ಮೇಲೆ ಹುಡುಗ ಕಂಡ ಮೆಟ್ಟಿಲು ಅದೇ.

ಮುಚ್ಚಿಗೆಗೆ ಏನು ಬಳಸೋದು? ಹುಡುಗ ಪಂಕ್ಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ ತಂದಿದ್ದ. ಒಣಗಿದ ಮೇಲೆ ಅದು ಚೆನ್ನಾಗಿಯೇ ಉಂಡೆಯಾಗಿ ಎದ್ದು ಬರುತ್ತದೆ. ಆದರೆ ಅದರೊಳಗಿನ ದ್ರಾವಕ ಕೆಳಗಿನ ಬೆಳ್ಳಿಯನ್ನು ತಿನ್ನುತ್ತದೆ. ಟೂತ್‌ಪೇಸ್ಟ್ ಸಣ್ಣ ಚಿಮುಕುಗಳಿಗೆ ಅಡ್ಡಿ ಇಲ್ಲ, ನೀರಲ್ಲಿ ತೊಳೆದರೆ ಹೋಗುತ್ತದೆ. ಆದರೆ ಅದರ ಅಂಚು ಮೊಂಡು. ಒಡೆದ ಬಣ್ಣದ ಚೂಪು ಮೂಲೆ ಬರುವುದಿಲ್ಲ.

ನಾನು ಬಳಸುವುದು ರಬ್ಬರ್ ಹಾಲು, ಲ್ಯಾಟೆಕ್ಸ್. ಸುಳ್ಯದ ಕಡೆ ನೆಂಟರ ತೋಟದಲ್ಲಿ ರಬ್ಬರ್ ಇದೆ. ಮರದಿಂದ ಇಳಿದ ಹಾಲು ಹಾಗೇ ಬಿಟ್ಟರೆ ಕೆಲವು ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ. ಶೀಟ್ ಮಾಡುವವರು ಆಸಿಡ್ ಹಾಕಿ ಬೇಕೆಂದೇ ಹೆಪ್ಪು ಹಾಕುತ್ತಾರೆ. ದ್ರವವಾಗಿಯೇ ಇರಬೇಕು ಅಂದರೆ ಅಮೋನಿಯಾ ಬೆರೆಸಬೇಕು. ಹಾಗೆ ಬೆರೆಸಿದ ಒಂದು ಬಾಟಲಿ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಮುಚ್ಚಳ ತೆಗೆದರೆ ಮೂಗು ಹಿಡಿಯಬೇಕು, ಅಷ್ಟು ವಾಸನೆ. ನೀರಿನ ಮೂಲದ್ದಾದ್ದರಿಂದ ಕೆಳಗಿನ ಬಣ್ಣ ಕರಗುವ ಭಯ ಇಲ್ಲ. ಅಮೋನಿಯಾ ಕ್ಷಾರ, ಬೆಳ್ಳಿ ಬಣ್ಣದ ಒಳಗಿರುವುದು ಅಲ್ಯೂಮಿನಿಯಂ ಪುಡಿ. ಎರಡಕ್ಕೂ ಆಗಿಬರುವುದಿಲ್ಲ, ಬೆಳ್ಳಿ ಮಂಕಾಗಬಹುದು. ಅದಕ್ಕೇ ಬೆಳ್ಳಿಯ ಮೇಲೆ ಒಂದು ಕೋಟ್ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ಮೆರುಗು) ಹೊಡೆದು ಪೂರ್ತಿ ಒಣಗಲು ಬಿಟ್ಟೆವು. ಬೆಳ್ಳಿಯಲ್ಲೂ 'ಕ್ರೋಮ್' ಅಂತ ಬರೆದ ಕ್ಯಾನ್ ಬೇಡ, ಅದು ಕೈಗೆ ಮೆತ್ತುತ್ತಲೇ ಇರುತ್ತದೆ. ಗಾಡಿಯ ವೀಲ್‌ಗೆ ಹೊಡೆಯುವ ಸಿಲ್ವರ್ ಸಾಕು.

ಲ್ಯಾಟೆಕ್ಸ್ ಹಚ್ಚಲು ಹಳೇ ಬ್ರಷ್, ಹರಿದ ಸ್ಪಂಜಿನ ಚೂರು, ಹಲ್ಲುಕಡ್ಡಿ ತಗೊಂಡೆವು. ಬ್ರಷ್ಷನ್ನು ಮೊದಲು ಸೋಪಿನ ನೀರಲ್ಲಿ ಅದ್ದಿಕೊಳ್ಳಬೇಕು, ಇಲ್ಲದಿದ್ದರೆ ಕೂದಲು ಅಂಟಿಕೊಂಡು ಬ್ರಷ್ ಎಸೆಯಬೇಕಾಗುತ್ತದೆ. ಹಚ್ಚುವಾಗ ಬೆಳ್ಳಗೆ ಹಾಲಿನಂತೆ ಕಾಣುವುದು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಎಲ್ಲಿ ಹಚ್ಚಿದ್ದೇವೆ ಅನ್ನೋದೇ ಆಮೇಲೆ ಕಾಣುವುದಿಲ್ಲ. ಹಸಿ ಇದ್ದಾಗಲೇ ಎಲ್ಲಾ ಕಡೆಯಿಂದ ಫೋಟೋ ತೆಗೆದಿಟ್ಟುಕೊಂಡೆವು. ಕೊನೆಗೆ ಕೀಳುವಾಗ ಆ ಫೋಟೋ ಇಲ್ಲದಿದ್ದರೆ ಅರ್ಧ ಚೂರು ಬಣ್ಣದ ಕೆಳಗೇ ಉಳಿಯುತ್ತಿತ್ತು.

ಬಣ್ಣ ಹೊಡೆದದ್ದು ಚಳಿಗಾಲದಲ್ಲಿ. ಬೆಂಗಳೂರಿನ ಚಳಿಗಾಲದ ಬೆಳಗ್ಗೆ ಮಂಜು, ಗಾಳಿಯಲ್ಲಿ ತೇವ. ಅಂಥ ಹೊತ್ತಲ್ಲಿ ಲ್ಯಾಕರ್ ಹೊಡೆದರೆ ದ್ರಾವಕ ಬೇಗ ಆರುತ್ತಾ ಮೇಲ್ಮೈ ತಣ್ಣಗಾಗಿ ತೇವ ಕೂರುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಬಿಸಿಲು ಏರಿದ ಮೇಲೆ ತಾರಸಿಯಲ್ಲಿ ತೆಳ್ಳಗೆ, ಒಂದರ ಮೇಲೊಂದು ಕೋಟ್ ಹೊಡೆದೆವು. ದಪ್ಪ ಹೊಡೆದರೆ ಮುಚ್ಚಿಗೆಯ ಸುತ್ತ ದಂಡೆ ಕಟ್ಟುತ್ತದೆ. ಹುಡುಗನ ಕೆಂಪು ತೀರಾ ಕುಂಕುಮದ ಕೆಂಪಾಗಿತ್ತು. ಅದಕ್ಕೆ ಕಂದು ಬೆರೆಸಿ ಇಳಿಸಿದೆವು. ಹಸಿರಿಗೂ ಸ್ವಲ್ಪ ಬೂದು.

ಕೀಳುವ ಹೊತ್ತು ನಾಜೂಕು. ಬಣ್ಣ ಕೈಗೆ ಅಂಟದಷ್ಟು ಒಣಗಿರಬೇಕು, ಆದರೆ ಕಲ್ಲಾಗಿರಬಾರದು. ಕಲ್ಲಾದರೆ ಲ್ಯಾಟೆಕ್ಸ್ ಸುತ್ತಲಿನ ಬಣ್ಣವನ್ನೂ ಹರಿದುಕೊಂಡು ಬರುತ್ತದೆ. ಹಣೆಯ ದೊಡ್ಡ ಗೀರಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಹುಡುಗನ ಕೈಗೆ ಕೊಟ್ಟೆ. ಮೆಲ್ಲಗೆ ಎಳೆದ. ಹಸಿರು ಸಿಪ್ಪೆ ಉದ್ದಕ್ಕೆ ಎದ್ದು ಬಂತು, ಕೆಳಗೆ ಬೂದು ಅಂಚು, ಅದರೊಳಗೆ ಬೆಳ್ಳಿ. ಬೆರಳಾಡಿಸಿ ನೋಡಿದ. ತಗ್ಗು ಸಿಕ್ಕಿತು. "ಅಯ್ಯೋ, ನಿಜವಾಗ್ಲೂ ಕೆರೆದಂಗಿದೆ ಅಣ್ಣಾ!" ಅಂತ ಕುಣಿದ. ಮಿಕ್ಕಿದ್ದನ್ನೆಲ್ಲ ಅವನೇ ಕಿತ್ತ. ನನ್ನನ್ನು ಮುಟ್ಟಲೂ ಬಿಡಲಿಲ್ಲ.

ಕೊಳೆ

ಕೊಳೆ ಹಚ್ಚುವ ಮೊದಲು ಮತ್ತೊಂದು ಕ್ಲಿಯರ್ ಕೋಟ್ ಹೊಡೆದು ಕೆಳಗಿನ ಕೆಲಸವನ್ನು ಭದ್ರ ಮಾಡಿಕೊಂಡೆವು. ಆಮೇಲೆ ಚಿತ್ರಕಾರರ ಆಯಿಲ್ ಕಲರ್. ಬರ್ನ್ಟ್ ಅಂಬರ್ ಅನ್ನೋ ಕಡುಕಂದು ಮತ್ತು ಸ್ವಲ್ಪ ಕಪ್ಪನ್ನು ಟರ್ಪೆಂಟೈನ್‌ನಲ್ಲಿ ನೀರಾಗಿ ಕಲಸಿ ಸಂದುಗಳಿಗೆ ಬಿಟ್ಟೆವು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಬೇಕು. ಮಳೆನೀರು ಕೆಳಕ್ಕೇ ಹರಿಯುತ್ತದೆ, ಕೊಳೆಯ ಗೆರೆಯೂ ಹಾಗೇ ಇರಬೇಕು. ಹುಡುಗ ಹೆಲ್ಮೆಟ್ಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಒರೆಸಲು ಹೋದ. ಸ್ಟ್ಯಾಂಡಿನ ಮೇಲೆ ನೆಟ್ಟಗೆ ಇಡಿಸಿದೆ.

ಕೈ ಸವೆದ ಅಂಚುಗಳಿಗೆ 6ಬಿ ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಬೆರಳಿಂದ ತಿಕ್ಕಿದೆವು. ಬೆಳ್ಳಿ ಬಣ್ಣಕ್ಕಿಂತ ಇದು ಕಪ್ಪು, ಆದರೆ ಬೆಳಕು ಬಿದ್ದಾಗ ಲೋಹದ ಹೊಳಪು. ಇಡೀ ಹೆಲ್ಮೆಟ್‌ಗೆ ಮ್ಯಾಟ್ ವಾರ್ನಿಷ್ ಹೊಡೆದ ಮೇಲೆ ಈ ತಿಕ್ಕುವಿಕೆ ಮಾಡಬೇಕು. ಮೊದಲೇ ಮಾಡಿದರೆ ವಾರ್ನಿಷ್ ಆ ಹೊಳಪನ್ನು ಸಾಯಿಸುತ್ತದೆ. ಕೊನೆಗೆ ಧೂಳು. ಅಂಗಡಿಯಲ್ಲಿ ಸಿಗುವ ಮುಲ್ತಾನಿ ಮಿಟ್ಟಿ ಸಾಕು. ಸಿನಿಮಾದವರು ಬಟ್ಟೆ, ಮುಖಕ್ಕೆ ಧೂಳು ಹಿಡಿಸಲು ಬಳಸುವ ಫುಲ್ಲರ್ಸ್ ಅರ್ತ್ ಇದೇ ಜಾತಿಯ ಜೇಡಿ. ಮೆತ್ತಗಿನ ಬ್ರಷ್‌ನಲ್ಲಿ ತಗೊಂಡು ಸಂದುಗಳಲ್ಲಿ ಕೂರಿಸಿ ಉಳಿದದ್ದನ್ನು ಊದಿಬಿಟ್ಟೆವು.

ಇಲ್ಲಿ ಕೈ ತಡೆಯುವುದು ಕಷ್ಟ. ಇನ್ನೊಂದು ಗೀರು, ಇನ್ನೊಂಚೂರು ಕೊಳೆ ಅಂತ ಆಸೆ ಆಗುತ್ತಲೇ ಇರುತ್ತದೆ. ನನ್ನ ಪ್ರಕಾರ ನೆತ್ತಿಯ ಅರ್ಧಕ್ಕಿಂತ ಜಾಸ್ತಿ ಭಾಗ ಸುಮ್ಮನೆ ಹಸಿರಾಗಿ ಉಳಿಯಬೇಕು. ಖಾಲಿ ಜಾಗ ಇದ್ದರೇ ಏಟು ಕಾಣುವುದು. 2020ರಲ್ಲಿ 'ದಿ ಮ್ಯಾಂಡಲೋರಿಯನ್' ಸರಣಿಯಲ್ಲಿ ಇದೇ ಹೆಲ್ಮೆಟ್ಟನ್ನು ಹೊಸದಾಗಿ ಬಣ್ಣ ಬಳಿದು ತೋರಿಸಿದರು. ನನಗೆ ಇವತ್ತಿಗೂ ಅದು ಇಷ್ಟವಾಗಿಲ್ಲ. ಹುಡುಗನಿಗೆ ಅದೇ ಇಷ್ಟವಂತೆ. ಇದರ ಬಗ್ಗೆ ನಮ್ಮಿಬ್ಬರ ಜಗಳ ಮುಗಿದಿಲ್ಲ.

ಹಾಕಿಕೊಂಡಾಗ

ಕಿಂಡಿಗೆ ಅವನು ಮೊದಲು ಕಪ್ಪು ಸನ್‌ಫಿಲ್ಮ್ ಅಂಟಿಸಿದ ಅಕ್ರಿಲಿಕ್ ಹಾಕಿದ್ದ. ಗುಳ್ಳೆ ಎದ್ದಿತ್ತು. ಗ್ಯಾಸ್ ವೆಲ್ಡಿಂಗ್‌ನವರು ಮುಖಕ್ಕೆ ಹಾಕಿಕೊಳ್ಳುವ ಗಾಢ ಹಸಿರು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಕೂರಿಸಿದೆವು. ಹೊರಗಿನಿಂದ ಕಣ್ಣು ಕಾಣಲ್ಲ, ಒಳಗಿನಿಂದ ದಾರಿ ಕಾಣುತ್ತದೆ. ಆದರೆ ಸಭಾಂಗಣದ ಒಳಗೆ ಬೆಳಕು ಕಡಿಮೆ ಇದ್ದ ಕಡೆ ಏನೂ ಕಾಣದೆ ಗೆಳೆಯನ ಭುಜ ಹಿಡಿದೇ ನಡೆದನಂತೆ. ಉಸಿರಿಗೆ ಆವಿ ಕಟ್ಟುವುದಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ತೆಳ್ಳಗೆ ಸವರಿ ಒರೆಸಿದ್ದೆವು, ಕೆನ್ನೆಯೊಳಗೆ ಪವರ್ ಬ್ಯಾಂಕಿಗೆ ಸಿಕ್ಕಿಸುವ 5 ವೋಲ್ಟ್‌ನ ಪುಟಾಣಿ ಫ್ಯಾನ್ ಕೂರಿಸಿದ್ದೆವು. ಫ್ಯಾನ್ ಸದ್ದಿಗೆ ಎದುರಿನವರ ಮಾತು ಕೇಳುತ್ತಿರಲಿಲ್ಲ. ಬೋಬಾ ಫೆಟ್ ಮಾತಾಡುವುದೇ ಕಡಿಮೆ, ಹಾಗಾಗಿ ನಡೆದುಹೋಯಿತು.

ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡ ಅಂತ ಮೊದಲೇ ಹೇಳಿದ್ದೆ. ಪಿಎಲ್‌ಎ ಹೆಲ್ಮೆಟ್ ಮಧ್ಯಾಹ್ನದ ಹೊತ್ತಿಗೆ ಸೊಟ್ಟಗಾಗಿರುತ್ತದೆ. ಆ ಮಾತು ಪಾಲಿಸಿದ. ಆದರೆ ಜನಜಂಗುಳಿಯಲ್ಲಿ ಯಾರದೋ ಪ್ರಾಪ್ ಕತ್ತಿ ರೇಂಜ್‌ಫೈಂಡರ್ ಬುಡಕ್ಕೆ ತಾಗಿ ನಿಜವಾದ ಏಟು ಬಿತ್ತು. ಹಸಿರು, ಬೂದು, ಬೆಳ್ಳಿ ಎಲ್ಲವನ್ನೂ ದಾಟಿ ನೀಲಿ ಪ್ಲಾಸ್ಟಿಕ್ ಕಂಡಿತು. ಫೋಟೋದಲ್ಲಿ ಅದೊಂದೇ ಎದ್ದು ಕಾಣುತ್ತದೆ.

ಬ್ರಷ್‌ನಲ್ಲಿ ಒಂದು ಹನಿ ಬೆಳ್ಳಿ, ಮೇಲೆ ಪೆನ್ಸಿಲ್ ಸೀಸ ತಿಕ್ಕಿ ಆ ಚೂರನ್ನು ಸರಿ ಮಾಡಿದ್ದೇನೆ. ರೇಂಜ್‌ಫೈಂಡರ್‌ನ ಪ್ಲಾಸ್ಟಿಕ್ ಕಡ್ಡಿ ತೆಗೆದು ಅಲ್ಯೂಮಿನಿಯಂ ಕಡ್ಡಿ ಹಾಕುವುದು ಬಾಕಿ ಇದೆ. ಎದೆಕವಚದ ಪ್ರಿಂಟ್ ಶುರುವಾಗಿದೆ, ಈ ಸಲ ಬೂದು ಫಿಲಮೆಂಟ್‌ನಲ್ಲಿ.